ಸರ್ವರ್‌ಗೆ ಕಾವಲು ಕೂತದ್ದು

ಆತ್ಮವಿಶ್ವಾಸದ ಕೊರತೆ ನನ್ನನ್ನು ಎಂದೂ ಕಾಡಿದ್ದಿಲ್ಲ. ಈ ಮಾತನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ನನ್ನ ಹೆಂಡತಿ ಲಲಿತ ಇದೇ ಮಾತನ್ನು ಬೇರೆ ಧಾಟಿಯಲ್ಲಿ ಹೇಳುತ್ತಾಳೆ. ಯಾರಾದರೂ ದಾರಿ ಕೇಳಿದಾಗ ಗೊತ್ತಿಲ್ಲ ಎಂದು ಕೈಯಾಡಿಸಿಬಿಡುವವರನ್ನು ಕಂಡರೆ ನನಗೆ ಮರುಕವಾಗುತ್ತದೆ. ನಾನು ಹಾಗಲ್ಲ. ಎಡಕ್ಕೋ ಬಲಕ್ಕೋ ಖಚಿತವಾಗಿ ಒಂದು ಕಡೆ ಕೈ ತೋರಿಸಿಯೇ ಕಳಿಸುತ್ತೇನೆ. ಹಾಗೆ ಹೋದವರಲ್ಲಿ ಒಬ್ಬರೂ ಈವರೆಗೆ ವಾಪಸ್ಸು ಬಂದು ದೂರಿಲ್ಲ. ವಾಪಸ್ಸು ಬರಲು ಅವರಿಗೆ ದಾರಿ ಸಿಕ್ಕಿರಲಿಕ್ಕಿಲ್ಲ ಎಂಬುದು ಲಲಿತಳ ವಾದ.

ಇಂಥ ನಾನು ಚಾಮರಾಜನಗರದಲ್ಲಿ ಆರು ಕಂಪ್ಯೂಟರುಗಳ ಒಂದು ತರಬೇತಿ ಕೇಂದ್ರ ಇಟ್ಟುಕೊಂಡಿದ್ದೆ. ನಮ್ಮ ಊರಿಗೆ ಬ್ರಾಡ್‌ಬ್ಯಾಂಡ್ ಬಂದು ಒಂದೆರಡು ವರ್ಷವಾಗಿದ್ದ ಕಾಲ ಅದು. ಮೈಸೂರಿನಲ್ಲಿ ಆರು ತಿಂಗಳು ಕಲಿತು ತಂದಿದ್ದ ಡಿಪ್ಲೊಮಾಕ್ಕೆ ಚೌಕಟ್ಟು ಹಾಕಿಸಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ ತೂಗುಹಾಕಿದ್ದೆ. ನನ್ನೊಂದಿಗೆ ಪಾಠ ಹೇಳಲು ಮಂಗಳಾ ಎಂಬ ಹೆಣ್ಣುಮಗಳಿದ್ದಳು. ಬಿ.ಕಾಂ. ಓದಿದವಳು, ದಿನವೂ ಹರದನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಕಡಿಮೆ. ಏನನ್ನಾದರೂ ಹೇಳುವ ಮೊದಲು ಎರಡು ಸಲ ಯೋಚಿಸುವ ಒಂದು ದುರಭ್ಯಾಸ ಅವಳಿಗಿತ್ತು. ಹೀಗಾದರೆ ಈ ಹುಡುಗಿ ಮುಂದೆ ಬರುವುದು ಹೇಗೆ ಎಂದು ನಾನು ಆಗಾಗ ಚಿಂತಿಸುತ್ತಿದ್ದೆ.

ಒಂದು ದಿನ ಗುಂಡ್ಲುಪೇಟೆಯಿಂದ ಖಲೀಲ್ ಭಾಯಿ ಬಂದರು. ತರಕಾರಿ ಮಂಡಿಯಲ್ಲಿ ಅವರದು ಮೂರು ತಲೆಮಾರಿನ ವ್ಯಾಪಾರ. ಮನೆಯಲ್ಲಿ ಉರ್ದು, ಮಂಡಿಯಲ್ಲಿ ಕನ್ನಡ, ಫೋನಿನಲ್ಲಿ ಮಲಯಾಳ. ಸಾಂಬಾರ್ ಈರುಳ್ಳಿ, ಬೀನ್ಸು, ಎಲೆಕೋಸು ಇವುಗಳ ಬೆಲೆ ಕೇಳಿಕೊಂಡು ಕೇರಳದವರು ಬೆಳಗಿನಿಂದ ಫೋನು ಮಾಡುತ್ತಾರೆ, ಒಂದೇ ಬೆಲೆಯನ್ನು ನೂರು ಸಲ ಹೇಳಿ ಗಂಟಲು ಬಿದ್ದುಹೋಗುತ್ತದೆ ಎಂಬುದು ಅವರ ಸಂಕಟ. "ಸಾರ್, ಒಂದು ವೆಬ್‌ಸೈಟು ಮಾಡಿಕೊಡಿ. ದಿನಾ ರೇಟು ಅದ್ರಲ್ಲಿ ಬರ್ಲಿ. ನೋಡೋರು ನೋಡ್ಕೊಳ್ಳಿ. ನಮ್ದು ಗಂಟ್ಲು ಉಳೀತದೆ," ಎಂದರು. ಮಂಡಿಯ ವರ್ತಕರ ಸಂಘದಲ್ಲಿ ಹಿರಿಯರು ಯಾರಿಗೂ ಇದರಲ್ಲಿ ನಂಬಿಕೆ ಇರಲಿಲ್ಲವಂತೆ. ಖಲೀಲ್ ಭಾಯಿ ತಮ್ಮ ಮಾತಿನ ಮೇಲೆ ಅವರನ್ನು ಒಪ್ಪಿಸಿದ್ದರು. "ನನ್ ಮರ್ಯಾದೆ ನಿಮ್ ಕೈಲಿದೆ" ಎಂದು ನಗುತ್ತಲೇ ಹೇಳಿ ಹೋದರು. ವೆಬ್‌ಸೈಟು ಮಾಡಲು ಬರುತ್ತದೆಯೇ ಎಂದು ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೌದು ಎಂದೇ ಇರುತ್ತಿತ್ತು.

ಮಾಡಿದೆ. ಚೆನ್ನಾಗಿಯೇ ಮಾಡಿದೆ. ಬೆಳಿಗ್ಗೆ ಖಲೀಲ್ ಭಾಯಿ ಫೋನಿನಲ್ಲಿ ಬೆಲೆ ಹೇಳುವುದು, ಮಂಗಳಾ ಅದನ್ನು ತುಂಬುವುದು, ಕಲ್ಪೆಟ್ಟದಲ್ಲೋ ಕೋಯಿಕ್ಕೋಡಿನಲ್ಲೋ ಕೂತವರು ಅದನ್ನು ನೋಡುವುದು. ಸೈಟನ್ನು ಇಡಲು ಒಂದು ಕಂಪನಿಯ ಶೇರ್ಡ್ ಹೋಸ್ಟಿಂಗ್‌ನಲ್ಲಿ ಜಾಗ ಹಿಡಿದೆವು. ಇದು ಏನೆಂದು ತಿಳಿಯದವರಿಗೆ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಓದುವಾಗ ಒಂದು ವಠಾರದಲ್ಲಿದ್ದೆ. ಹನ್ನೊಂದು ಮನೆ, ಒಂದು ನಲ್ಲಿ, ಒಂದು ಬಚ್ಚಲು. ಮೂಲೆಮನೆಯ ಗುಮಾಸ್ತರು ಬೆಳಿಗ್ಗೆ ಬಚ್ಚಲು ಹೊಕ್ಕು ಭಜನೆ ಶುರು ಮಾಡಿದರೆಂದರೆ ಉಳಿದ ಹತ್ತು ಮನೆಯವರು ಟವೆಲು ಹೆಗಲಿಗೆ ಹಾಕಿಕೊಂಡು ಮಂಗಳಾರತಿಗೆ ಕಾಯಬೇಕು. ಶೇರ್ಡ್ ಹೋಸ್ಟಿಂಗ್ ಎಂದರೂ ಅಷ್ಟೇ. ಎಲ್ಲೋ ದೂರದೇಶದಲ್ಲಿರುವ ಒಂದು ಸರ್ವರ್ ಯಂತ್ರ, ಅದರೊಳಗೆ ನೂರಾರು ಸೈಟುಗಳು. ಒಬ್ಬರ ಸೈಟಿಗೆ ಕೆಲಸ ಹೆಚ್ಚಾದರೆ ಉಳಿದವರೆಲ್ಲ ಹೊರಗೆ ನಿಂತು ಕಾಯಬೇಕು.

ಮೂರನೆಯ ವಾರ ಖಲೀಲ್ ಭಾಯಿಯ ಫೋನು ಬಂತು. "ಸಾರ್, ಸೈಟು ತಿರುಗ್ತಾನೇ ಇದೆ, ಓಪನ್ ಆಗ್ತಾ ಇಲ್ಲ." ನಾನು ಕಂಪನಿಗೆ ಬರೆದೆ. ನಿಮ್ಮ ಸರ್ವರಿನಲ್ಲೇ ಇರುವ ಬೇರೆ ಯಾರದೋ ಸೈಟಿನಿಂದ ಲೋಡ್ ಹೆಚ್ಚಾಗಿತ್ತು, ಸರಿಪಡಿಸಿದ್ದೇವೆ, ಕ್ಷಮಿಸಿ ಎಂದು ಉತ್ತರ ಬಂತು. ಖಲೀಲ್ ಭಾಯಿಗೆ ಹಾಗೆಯೇ ಹೇಳಿದೆ. ಗುಂಡ್ಲುಪೇಟೆಯವರಿಗೆ ಲೋಡ್ ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. "ಲೋಡ್ ಜಾಸ್ತಿ ಆದ್ರೆ ಇನ್ನೊಂದು ಲಾರಿ ಹಾಕ್ಬೇಕು ಸಾರ್, ಅದೇ ಲಾರಿಗೆ ತುಂಬಿದ್ರೆ ಘಾಟಿ ಇಳಿಯುವಾಗ ಬ್ರೇಕ್ ನಿಲ್ಲಲ್ಲ," ಎಂದರು. ನಾನು ನಕ್ಕೆ. ಎಂಟು ವರ್ಷದ ನನ್ನ ಕಂಪ್ಯೂಟರ್ ಅನುಭವದಲ್ಲಿ ಸರ್ವರ್ ಬಗ್ಗೆ ಅಷ್ಟು ಸರಿಯಾದ ಮಾತನ್ನು ಬೇರೆ ಯಾರೂ ಆಡಿರಲಿಲ್ಲ ಎಂದು ಆಗ ನನಗೆ ತಿಳಿಯಲಿಲ್ಲ.

ಇನ್ನು ಮುಂದೆ ಖಲೀಲ್ ಭಾಯಿ ಹೇಳುವ ಮೊದಲೇ ನನಗೆ ತಿಳಿದಿರಬೇಕು ಎಂದು ನಿರ್ಧರಿಸಿದೆ. ಸರ್ವರ್ ಮೇಲೆ ಒಂದು ಕಣ್ಣಿಡಲು ನಾನೇ ಒಂದು ಪುಟ ಬರೆದೆ. ಅದಕ್ಕೆ "ಕಾವಲುಗಾರ" ಎಂದು ಹೆಸರಿಟ್ಟೆ. ನಮ್ಮ ಕಂಪ್ಯೂಟರಿನಲ್ಲಿ ಕಾವಲುಗಾರನನ್ನು ತೆರೆದಿಟ್ಟರೆ ಸಾಕು, ಅವನು ನಿಮಿಷಕ್ಕೊಮ್ಮೆ ತಾನೇ ಹೋಗಿ ಸೈಟಿನ ಬಾಗಿಲು ತಟ್ಟುತ್ತಾನೆ. ಪುಟ ತೆರೆಯಲು ಎಷ್ಟು ಹೊತ್ತಾಯಿತು ನೋಡುತ್ತಾನೆ. ಹಾಗೆಯೇ ಸೈಟಿನ ಲೆಕ್ಕಪತ್ರವೆಲ್ಲ ಇರುವ ಡೇಟಾಬೇಸಿನೊಳಗೆ ಹೋಗಿ, ಸೈಟಿಗೆ ಈವರೆಗೆ ಎಷ್ಟು ಭೇಟಿಯಾಗಿದೆ ಎಂದು ಮೊದಲಿನಿಂದ ಕೊನೆಯವರೆಗೆ ಎಣಿಸಿಕೊಂಡು ಬರುತ್ತಾನೆ. ಎಲ್ಲ ಸರಿಯಿದ್ದರೆ ಹಸಿರು ದೀಪ, ತಡವಾದರೆ ಕೆಂಪು ದೀಪ. ನನ್ನ ಬುದ್ಧಿಗೆ ನಾನೇ ಬೆರಗಾಗಿ, ಪಕ್ಕದ ಟೈಲರನ್ನು ಕರೆದು ತೋರಿಸಿದೆ. ಅವರು ಹಸಿರು ದೀಪವನ್ನು ಸ್ವಲ್ಪ ಹೊತ್ತು ನೋಡಿ, ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು.

ಕಾವಲುಗಾರ ಕೆಲಸಕ್ಕೆ ಬಂದ ವಾರದಲ್ಲಿ ಒಂದು ಸಂತೋಷದ ಸಂಗತಿ ನಡೆಯಿತು. ಅದುವರೆಗೆ ದಿನಕ್ಕೆ ಮೂವತ್ತು ನಲವತ್ತಿದ್ದ ಭೇಟಿಗಳು ಒಮ್ಮೆಗೇ ಆರುನೂರು ದಾಟಿದವು. ಖಲೀಲ್ ಭಾಯಿಗೆ ಫೋನು ಮಾಡಿ ಹೇಳಿದೆ. ಓಣಂ ಹತ್ತಿರ ಬರುತ್ತಿದೆ, ಅದಕ್ಕೇ ಇರಬೇಕು ಎಂದು ಇಬ್ಬರೂ ಒಪ್ಪಿದೆವು. ಆದರೆ ಜನ ಹೆಚ್ಚಾದಂತೆ ಸೈಟು ನಿಧಾನವಾಗತೊಡಗಿತು. ಆಗಾಗ ಕೆಂಪು ದೀಪ ಕಾಣಿಸಿತು. ನಿಮಿಷಕ್ಕೊಮ್ಮೆ ನೋಡಿದರೆ ಸಾಲದು ಎಂದು ನಲವತ್ತು ಸೆಕೆಂಡಿಗೊಮ್ಮೆ ಮಾಡಿದೆ. ಒಂದು ಕಂಪ್ಯೂಟರಿನಲ್ಲಿ ನೋಡಿದರೆ ಸಾಲದು ಎಂದು ಎರಡರಲ್ಲಿ ಹಾಕಿದೆ. ಭೇಟಿಗಳು ಇನ್ನೂ ಏರಿದವು; ಸೈಟು ಇನ್ನೂ ಕುಂಟಿತು. ಕೊನೆಗೆ ಆರೂ ಕಂಪ್ಯೂಟರುಗಳಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ ಕಾವಲುಗಾರ ಗಸ್ತು ತಿರುಗುವಂತೆ ಮಾಡಿದೆ. ಕಲಿಯಲು ಬಂದವರು ಟೈಪು ಮಾಡುವಾಗಲೂ ಅವನು ಪರದೆಯ ಮೂಲೆಯಲ್ಲಿ ಇರುತ್ತಿದ್ದ. ಅಷ್ಟರಲ್ಲಿ ನಮ್ಮ ಸೈಟನ್ನು ದಿನಕ್ಕೆ ಹತ್ತು ಸಾವಿರ ಸಲ ಜನ ನೋಡುತ್ತಿದ್ದರು. ಗುಂಡ್ಲುಪೇಟೆಯ ಎಲೆಕೋಸಿನ ಮೇಲೆ ಪ್ರಪಂಚಕ್ಕೆ ಇಷ್ಟೊಂದು ಆಸಕ್ತಿ ಇದೆ ಎಂದು ನಾನು ಊಹಿಸಿರಲಿಲ್ಲ.

ಆಗ ಕಂಪನಿಯಿಂದ ಒಂದು ಪತ್ರ ಬಂತು. ನಿಮ್ಮ ಸೈಟು ಡೇಟಾಬೇಸಿನ ಮೇಲೆ ವಿಪರೀತ ಲೋಡ್ ಹಾಕುತ್ತಿದೆ, ಇದರಿಂದ ಉಳಿದವರಿಗೆ ತೊಂದರೆಯಾಗುತ್ತಿದೆ, ಹತೋಟಿಗೆ ತಾರದಿದ್ದರೆ ನಿಲ್ಲಿಸಬೇಕಾಗುತ್ತದೆ. ಇದನ್ನು ಓದಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಜೀವಮಾನದ ಅತ್ಯುತ್ತಮ ಇಂಗ್ಲಿಷಿನಲ್ಲಿ ಎರಡು ಪುಟದ ಉತ್ತರ ಬರೆದೆ. ನಾನು ಹಗಲಿಡೀ ಆರು ಕಂಪ್ಯೂಟರುಗಳಿಂದ ನಿಮ್ಮ ಸರ್ವರನ್ನು ಗಮನಿಸುತ್ತಿದ್ದೇನೆ, ತಪ್ಪು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪರಾಧಿಯೊಬ್ಬ ಇಷ್ಟು ವಿವರವಾಗಿ ತಪ್ಪೊಪ್ಪಿಗೆ ಬರೆದು ಸಹಿ ಹಾಕಿ ಕಳಿಸಿದ್ದು ಅವರಿಗೂ ಅದೇ ಮೊದಲಿರಬೇಕು. ಅವರಿಂದ ಉತ್ತರ ಬರಲಿಲ್ಲ.

ಒಂದು ಮಧ್ಯಾಹ್ನ ಮಂಗಳಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಹಾಜರಿ ಪುಸ್ತಕ.

"ಸಾರ್, ಒಂದ್ ಮಾತು. ನಗಬಾರ್ದು."

"ಹೇಳಮ್ಮ."

"ನಮ್ಮಲ್ಲಿ ಕರೆಂಟು ಹೋದಾಗ್ಲೆಲ್ಲ ಸೈಟು ಚೆನ್ನಾಗಿ ಓಡ್ತದೆ ಸಾರ್."

ನಾನು ನಕ್ಕೆ. ನಗಬಾರದು ಎಂದಿದ್ದಳು ನಿಜ, ಆದರೆ ನಗದೇ ಇರಲು ನಾನೇನು ಕಲ್ಲೇ? ಆಗ ದಿನಕ್ಕೆರಡು ಸಲ ಲೋಡ್ ಶೆಡ್ಡಿಂಗ್. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು, ಆರೂ ಕಂಪ್ಯೂಟರು ಮಲಗುತ್ತಿದ್ದವು. ಗುಂಡ್ಲುಪೇಟೆಯಲ್ಲಿ ಕರೆಂಟು ಹೋಗುವ ಹೊತ್ತು ಬೇರೆ. ನಮ್ಮಲ್ಲಿ ಕತ್ತಲಾದಾಗಲೇ ಖಲೀಲ್ ಭಾಯಿ ಫೋನು ಮಾಡಿ, "ಸಾರ್, ಈಗ ಬೆಣ್ಣೆ ಥರ ಓಪನ್ ಆಗ್ತಿದೆ, ಏನ್ ಮಾಡಿದ್ರಿ?" ಎನ್ನುತ್ತಿದ್ದುದನ್ನು ಅವಳು ಒಂಬತ್ತು ಸಲ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಳು. ನಾನು ಸಮಾಧಾನದಿಂದ ವಿವರಿಸಿದೆ. ಸರ್ವರ್ ಇರುವುದು ಸಮುದ್ರದ ಆಚೆ. ಚಾಮರಾಜನಗರದ ಕರೆಂಟಿಗೂ ಅದಕ್ಕೂ ಏನು ಸಂಬಂಧ? ನಮ್ಮ ಬೀದಿಯ ಫ್ಯೂಸ್ ಹೋದರೆ ಅಮೆರಿಕದಲ್ಲಿ ಫ್ಯಾನು ನಿಲ್ಲುತ್ತದೆಯೇ?

"ಫ್ಯಾನ್ ನಿಲ್ಲಲ್ಲ ಸಾರ್," ಎಂದಳು. ಇನ್ನೇನೋ ಹೇಳುವವಳಿದ್ದಳು. ಎರಡನೆಯ ಸಲ ಯೋಚಿಸಿ, "ಹೋಗ್ಲಿ ಬುಡಿ," ಎಂದು ಹೋದಳು.

ಇಷ್ಟರಲ್ಲಿ ಖಲೀಲ್ ಭಾಯಿ ಒಂದು ಸಮಾರಂಭ ಗೊತ್ತು ಮಾಡಿದರು. ಗುಂಡ್ಲುಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಬೆಳಿಗ್ಗೆ. ವರ್ತಕರ ಸಂಘದವರೆಲ್ಲ ಬರುತ್ತಾರೆ, ಕೇರಳದಿಂದ ಇಪ್ಪತ್ತು ಜನ ವ್ಯಾಪಾರಿಗಳು ಬರುತ್ತಾರೆ. ದೊಡ್ಡ ಪರದೆಯ ಮೇಲೆ ಸೈಟು ತೋರಿಸುವುದು, ಇನ್ನು ಮುಂದೆ ಇದನ್ನೇ ನೋಡಿ ಸರಕು ಹೇಳಿ ಎಂದು ಅವರನ್ನು ಒಪ್ಪಿಸುವುದು, ನಂತರ ನನಗೆ ಸನ್ಮಾನ. ಹೊರಡುವ ಮುಂಚೆ ಮಂಗಳಾಗೆ ಹೇಳಿದೆ: "ನೋಡು, ಇವತ್ತು ಹೆಚ್ಚು ಹುಷಾರಾಗಿರಬೇಕು. ಆರೂ ಕಂಪ್ಯೂಟರಲ್ಲಿ ಕಾವಲುಗಾರ ಇರಲಿ. ಹತ್ತು ಸೆಕೆಂಡಿಗೊಮ್ಮೆ ಮಾಡಿದ್ದೀನಿ." ಅವಳು ಆಗಲಿ ಎಂದು ತಲೆಯಾಡಿಸಿದಳು. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸನ್ಮಾನಕ್ಕೆ ಉತ್ತರವಾಗಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ವಿನಯಕ್ಕೆ ಒಂದು ನಿಮಿಷ, ಉಳಿದದ್ದಕ್ಕೆ ಇಪ್ಪತ್ತು ನಿಮಿಷ.

ಮಂಟಪ ತುಂಬಿತ್ತು. ಸಂಘದ ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತಿದ್ದರು. ಎಪ್ಪತ್ತು ದಾಟಿದವರು, ಎಲೆಕೋಸನ್ನು ಕೈಯಲ್ಲಿ ಹಿಡಿದೊಡನೆ ತೂಕ ಹೇಳುವವರು, ಕಂಪ್ಯೂಟರನ್ನು ನೋಡಿದರೆ ಮುಖ ಆಚೆ ತಿರುಗಿಸುವವರು. ಖಲೀಲ್ ಭಾಯಿ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು, ಕನ್ನಡದಲ್ಲೊಮ್ಮೆ ಮಲಯಾಳದಲ್ಲೊಮ್ಮೆ ನನ್ನನ್ನು ಹೊಗಳಿದರು. ದಿನಕ್ಕೆ ಹತ್ತು ಸಾವಿರ ಭೇಟಿ ಎಂದಾಗ ಕೇರಳದವರು ನನ್ನ ಕಡೆ ತಿರುಗಿ ನೋಡಿದರು. ನಾನು ಎದ್ದು ಹೋಗಿ ಗುಂಡಿ ಒತ್ತಿದೆ. ಪರದೆ ಬೆಳ್ಳಗಿತ್ತು. ಬೆಳ್ಳಗೇ ಇತ್ತು. ಕೊನೆಗೆ ಡೇಟಾಬೇಸಿಗೆ ಈಗ ಪುರುಸೊತ್ತಿಲ್ಲ ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಮೂಡಿತು. ಮತ್ತೆ ಒತ್ತಿದೆ. ಅದೇ ಸಾಲು. ಹಿಂದೆ ಯಾರೋ ಕೆಮ್ಮಿದರು. ಅಧ್ಯಕ್ಷರು, "ಏನ್ಲಾ ಖಲೀಲಾ, ಬಿಳೀ ಬಟ್ಟೆ ತೋರ್ಸಕ್ಕೆ ಕರ್ದಿದ್ದೀಯಾ?" ಎಂದರು. ಖಲೀಲ್ ಭಾಯಿ ಮೈಕು ಕೆಳಗಿಳಿಸಿ ನನ್ನ ಮುಖ ನೋಡಿದರು. ನನ್ನ ಮರ್ಯಾದೆಯ ವಿಷಯ ಬಿಡಿ, ಅದು ಗಟ್ಟಿಮುಟ್ಟಾದದ್ದು. ಈ ಮನುಷ್ಯನದು ನನ್ನ ಕೈಯಲ್ಲಿತ್ತು.

ಮಂಟಪದ ಹಿಂದಿನ ಅಡುಗೆಮನೆಗೆ ಓಡಿಹೋಗಿ ಮಂಗಳಾಗೆ ಫೋನು ಮಾಡಿದೆ.

"ಎಲ್ಲಾ ಕೆಂಪು ದೀಪ ಸಾರ್," ಎಂದಳು. "ಒಂದ್ ಕೆಲ್ಸ ಮಾಡ್ತೀನಿ. ಬಯ್ಬಾರ್ದು."

"ಏನು ಬೇಕಾದರೂ ಮಾಡಮ್ಮ!"

ಅತ್ತ ಕಡೆ ದಢ್ ಎಂದು ಒಂದು ಸದ್ದು. ನಂತರ ಯುಪಿಎಸ್ ಕೂಗುವುದು ಕೇಳಿಸಿತು. ಅದನ್ನೂ ಯಾರೋ ಆರಿಸಿದ ಹಾಗಾಯಿತು. "ಮೇನ್ ಸ್ವಿಚ್ ತೆಗ್ದೆ. ಈಗ ನೋಡಿ ಸಾರ್. ಒಂದೆರಡು ನಿಮಿಷ ಬುಟ್ಟು ನೋಡಿ."

ವಾಪಸ್ಸು ಹೋದೆ. ಎರಡು ನಿಮಿಷ ಏನಾದರೂ ಮಾಡಬೇಕಲ್ಲ, ಸನ್ಮಾನಕ್ಕೆಂದು ತಯಾರಿಸಿದ್ದ ವಿನಯದ ಭಾಗವನ್ನು ಮುಂಚಿತವಾಗಿಯೇ ಹೇಳಿ ಮುಗಿಸಿದೆ. ಆಮೇಲೆ ಗುಂಡಿ ಒತ್ತಿದೆ. ಸೈಟು ಹಾರಿಬಂದು ಪರದೆ ತುಂಬ ನಿಂತಿತು: ಸಾಂಬಾರ್ ಈರುಳ್ಳಿ, ಬೀನ್ಸು, ಬೀಟ್‌ರೂಟು, ಅಂದಿನ ಬೆಲೆ ಸಮೇತ. ಚಪ್ಪಾಳೆಯೋ ಚಪ್ಪಾಳೆ. ಖಲೀಲ್ ಭಾಯಿ ಮತ್ತೆ ಮೈಕು ಎತ್ತಿ ಕೇಳಿದರು: "ಸಾರ್, ಏನ್ ಮಾಡಿದ್ರಿ?" ನಾನು ಹೇಳಿದೆ: "ಸರ್ವರ್ ಲೋಡನ್ನು ಇಳಿಸಿದೆ." ಅಕ್ಷರಶಃ ಸತ್ಯ. ಶಾಲು ಹೊದಿಸಿದರು, ಪೇಟ ತೊಡಿಸಿದರು. ಪೇಟ ಸ್ವಲ್ಪ ಬಿಗಿಯಾಗಿತ್ತು.

ಮರುದಿನ ಮಂಗಳಾ ಮೇನ್ ಸ್ವಿಚ್ ಹಾಕಿ, ಒಂದೇ ಕಂಪ್ಯೂಟರಿನಲ್ಲಿ ಕೂತು, ಸೈಟಿಗೆ ಯಾವ ಇಂಟರ್ನೆಟ್ ವಿಳಾಸದಿಂದ ಎಷ್ಟು ಜನ ಬಂದಿದ್ದಾರೆ ಎಂಬ ದಾಖಲೆ ತೆಗೆದಳು. ಪುಟಗಟ್ಟಲೆ ಒಂದೇ ವಿಳಾಸ. ನಮ್ಮದು. ನನ್ನ ಕಾವಲುಗಾರ ಬಾಗಿಲು ತಟ್ಟಿದ ಪ್ರತಿ ಸಲವೂ ಭೇಟಿ ಎಂದು ದಾಖಲಾಗಿತ್ತು. ದಾಖಲೆ ಬೆಳೆದಂತೆ ಅದನ್ನು ಮೊದಲಿನಿಂದ ಎಣಿಸುವ ಕೆಲಸವೂ ಬೆಳೆದಿತ್ತು. ಸರ್ವರ್ ಎಣಿಸಿ ಎಣಿಸಿ ಸುಸ್ತಾದಷ್ಟೂ ನಾನು ಹೆಚ್ಚು ಸಲ ಎಣಿಸಲು ಕಳಿಸಿದ್ದೆ. ಲೆಕ್ಕ ಹಾಕುವಾಗ ತನ್ನನ್ನೇ ಬಿಟ್ಟು ಎಣಿಸಿದ ಪೆದ್ದನ ಕಥೆ ಎಲ್ಲರಿಗೂ ಗೊತ್ತು. ಬೇರೆಯವರನ್ನೆಲ್ಲ ಬಿಟ್ಟು ತನ್ನನ್ನೇ ಹತ್ತು ಸಾವಿರ ಸಲ ಎಣಿಸಿಕೊಂಡವನು ನಾನೊಬ್ಬನೇ ಇರಬೇಕು. ನಮ್ಮ ವಿಳಾಸ ಕಳೆದರೆ ಉಳಿದವರೆಷ್ಟು ಎಂದು ಕೇಳಿದೆ. "ದಿನಕ್ಕೆ ನಲವತ್ತು, ನಲವತ್ತೊಂದು," ಎಂದಳು. ಅವಳು ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಲಲಿತಳಿಗೆ ಹೇಳಿದೆ. ಅವಳು ಆ ಶಾಲನ್ನು ಬೀರುವಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು, ಅಷ್ಟೆ. ಮತ್ತೆ ತೆರಕಣಾಂಬಿ ಬಸ್ಸು. ಈ ಸಲ ಭಾಷಣ ತಯಾರಾಗಲಿಲ್ಲ.

ಮಂಡಿಯಲ್ಲಿ ಖಲೀಲ್ ಭಾಯಿ ಲಾರಿಗೆ ಕೋಸು ತುಂಬಿಸುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೊನೆಯವರೆಗೆ ಕೇಳಿ, "ಆ ನಲವತ್ತೊಂದು ಜನ ಇದಾರಲ್ಲ, ಅವರು ನಿಜವಾದವರಾ?" ಎಂದರು.

"ನಿಜವಾದವರೇ. ಹೆಚ್ಚು ಜನ ಕೇರಳದವರು."

"ಮತ್ತೆ? ಮಂಡಿಗೆ ದಿನಾ ಸಾವಿರ ಜನ ಬರ್ತಾರೆ ಸಾರ್. ತಗೊಳ್ಳೋರು ಮೂವತ್ತು. ಉಳಿದೋರು ರೇಟು ಕೇಳ್ತಾರೆ, ಚಾ ಕುಡೀತಾರೆ, ಹೋಗ್ತಾರೆ. ನಿಮ್ದು ಸೈಟಲ್ಲಿ ಚಾ ಕುಡಿಯೋಕೆ ಬರೋನು ನೀವೊಬ್ರೇ," ಎಂದು ಹೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆದ್ರೆ ಸಾರ್, ಅಧ್ಯಕ್ಷರಿಗೆ ನೀವೇ ಹೇಳ್ಬೇಕು. ಹತ್ತು ಸಾವಿರ ಅಂತ ಮೈಕಲ್ಲಿ ಹೇಳಿದ್ದು ನನ್ ಬಾಯಿ," ಎಂದರು.

ಅಧ್ಯಕ್ಷರು ತಮ್ಮ ಅಂಗಡಿಯ ಮುಂದೆ ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಹೇಳಿದೆ. ಶಾಲನ್ನು ಮುಂದಿಟ್ಟೆ. ಅವರು ಮುಖ ಆಚೆ ತಿರುಗಿಸಲಿಲ್ಲ, ನನ್ನನ್ನೇ ನೋಡಿದರು.

"ನಾನ್ ಅವತ್ತೇ ಅಂದ್ಕಂಡೆ ಕಣಪ್ಪ," ಎಂದರು. "ಹತ್ತು ಸಾವ್ರ ಜನ ನೋಡಿದ್ರೆ ನಮ್ ಕೋಸು ಯಾಕ್ ಕೊಳೀತಿತ್ತು? ಇರ್ಲಿ ಬುಡು. ನಲವತ್ತು ಅಂದ್ಯಲ್ಲ, ಅದ ನಂಬಬೋದು." ನಂತರ ಶಾಲನ್ನು ನನ್ನ ಕಡೆಗೇ ತಳ್ಳಿ, "ಎತ್ಕಂಡೋಗು. ಹೇಳಕ್ಕೆ ಬಂದ್ಯಲ್ಲ, ಅದಕ್ಕೆ," ಎಂದರು. ಮುಂದಿನ ವಾರದಿಂದ ಅವರ ಅಂಗಡಿಯ ಬೆಲೆಗಳೂ ಸೈಟಿಗೆ ಬರತೊಡಗಿದವು.

ಕಾವಲುಗಾರನನ್ನು ಕೆಲಸದಿಂದ ತೆಗೆದುಹಾಕಿದೆ. ಮಂಗಳಾ ಭೇಟಿಗಳ ದಾಖಲೆಯನ್ನು ಬರಿದು ಮಾಡಿ, ದಿನದ ಬೆಲೆಗಳನ್ನು ಒಂದೇ ಸಲ ಡೇಟಾಬೇಸಿನಿಂದ ತೆಗೆದು ಸಾದಾ ಪುಟವಾಗಿ ಇಡುವಂತೆ ಮಾಡಿದಳು. ಹೀಗೆ ಮಾಡಬಹುದು ಎಂದು ನನಗೂ ಗೊತ್ತಿತ್ತು. ಅವಳು ಮಾಡಿದ ಮೇಲೆ ಗೊತ್ತಾಯಿತು. ತಿಂಗಳು ಕಳೆದ ಮೇಲೆ ಕಂಪನಿಯವರಿಂದ ಒಂದು ಪತ್ರ ಬಂತು. ನಿಮ್ಮ ಸೈಟಿನ ಲೋಡ್ ಗಣನೀಯವಾಗಿ ಇಳಿದಿದೆ, ತಾವು ಕೈಗೊಂಡ ತಾಂತ್ರಿಕ ಕ್ರಮಗಳಿಗೆ ವಂದನೆಗಳು. ಅದನ್ನು ಮುದ್ರಿಸಿ ಡಿಪ್ಲೊಮಾದ ಪಕ್ಕದಲ್ಲಿ ತೂಗುಹಾಕಿದ್ದೇನೆ. ತಾಂತ್ರಿಕ ಕ್ರಮ ಯಾವುದೆಂದು ಕೇಳಿದವರಿಗೆ, ಅದು ಬಹಳ ಆಳವಾದ ವಿಷಯ ಎನ್ನುತ್ತೇನೆ.

ಸರ್ವರಿನ ಪಾಸ್‌ವರ್ಡನ್ನು ಮಂಗಳಾ ಬದಲಾಯಿಸಿದ್ದಾಳೆ. ನಾನು ಕೇಳಿಲ್ಲ, ಅವಳು ಹೇಳಿಲ್ಲ. ದಿನಕ್ಕೊಂದು ಸಲ, ಬೆಲೆ ತುಂಬಿದ ಮೇಲೆ, ಅವಳು ಲೋಡ್ ಎಷ್ಟಿದೆ ಎಂದು ನೋಡುತ್ತಾಳೆ. ಆ ಹೊತ್ತಿಗೆ ನನಗೆ ಆ ಕಡೆಯ ಕಪಾಟಿನಲ್ಲಿ ಏನೋ ಒಂದು ಪುಸ್ತಕ ಬೇಕಾಗುತ್ತದೆ. ಸದ್ದಿಲ್ಲದೆ ಎದ್ದು, ಸದ್ದಿಲ್ಲದೆ ನಡೆದು, ಅವಳ ಕುರ್ಚಿಯ ಹಿಂದೆ ನಿಲ್ಲುವಷ್ಟರಲ್ಲಿ ಪರದೆ ಕಪ್ಪಗಾಗಿರುತ್ತದೆ. "ಎಲ್ಲಾ ಚೆನ್ನಾಗದೆ, ಹೋಗಿ ಸಾರ್," ಎನ್ನುತ್ತಾಳೆ, ಹಿಂದೆ ತಿರುಗದೆಯೇ. ನಾನು ಎದ್ದದ್ದು ಅವಳಿಗೆ ಹೇಗೆ ತಿಳಿಯುತ್ತದೆ ಎಂದು ಬಹಳ ಯೋಚಿಸಿದ್ದೇನೆ. ಅವಳು ನನ್ನನ್ನು ಎಷ್ಟು ಸೆಕೆಂಡಿಗೊಮ್ಮೆ ನೋಡುತ್ತಾಳೋ, ಗೊತ್ತಿಲ್ಲ. ಒಂದು ಮಾತ್ರ ನಿಜ: ಅವಳು ನೋಡುವುದರಿಂದ ನನ್ನ ಮೇಲಿನ ಲೋಡ್ ಇಳಿದಿದೆ.